ಬಳೆ ಹೆಚ್ಚಿತು

ಗಾಜು ಅಂದರೆ ನನಗೆ ಮೊದಲು ಬಳೆ.
ಮಂಡ್ಯದ ಪೇಟೆ ಬೀದಿಯ ನಮ್ಮ ಅಂಗಡಿಯಲ್ಲಿ
ಗೂಟಕ್ಕೆ ಡಜನ್ ಡಜನ್ ತೂಗುವ ಹಸಿರು, ಕೆಂಪು, ಚುಕ್ಕಿ ಕಪ್ಪು.
ಅಪ್ಪ ಎದುರಿನ ಕೈ ಹಿಡಿದು ಗೆಣ್ಣು ಒತ್ತಿ
ಬೀದಿ ನೋಡುತ್ತಲೇ ಹೇಳುತ್ತಾನೆ:
ಎರಡು ನಾಲ್ಕು. ಎರಡು ಆರು.
ತಪ್ಪಿದ್ದು ನಾನು ಕಂಡಿಲ್ಲ.

ಅದಕ್ಕೇ ಇರಬೇಕು, ಡಿಪ್ಲೊಮಾ ತರಗತಿಯ ಮೊದಲ ದಿನ
ಫಿಲೋಮಿನಾ ಮೇಡಂ ಲೆನ್ಸೊಂದನ್ನು ಕೈಗಿಟ್ಟು
‘ಇದರ ಪವರ್ ಏನು?’ ಅಂದಾಗ
ನಾನು ಅದನ್ನು ಹೆಬ್ಬೆರಳಲ್ಲಿ ಸವರಿದೆ.
ಹಿಂದಿನ ಬೆಂಚು ನಕ್ಕಿತು. ಮೇಡಂ ನಗಲಿಲ್ಲ.
‘ನಡು ದಪ್ಪವೋ, ಅಂಚು ದಪ್ಪವೋ,
ಬೆರಳಿಗೆ ಮೊದಲು ತಿಳಿಯಲಿ.’

ನಡು ದಪ್ಪವಾದರೆ ಪ್ಲಸ್,
ದೂರದಿಂದ ಸಾಲಾಗಿ ಬಂದ ಕಿರಣಗಳನ್ನೆಲ್ಲ
ಒಂದೇ ಚುಕ್ಕಿಗೆ ಕರೆಯುತ್ತದೆ.
ಅಂಚು ದಪ್ಪವಾದರೆ ಮೈನಸ್,
ಸಂತೆ ಮುಗಿದ ಜನದ ಹಾಗೆ
ಅವನ್ನು ಅತ್ತಿತ್ತ ಬಿಟ್ಟುಬಿಡುತ್ತದೆ.

ಬೆಳಕು ಬಾಗುವುದೇಕೆ?
ಕಬ್ಬು ಹೇರಿದ ಗಾಡಿ ಟಾರು ರಸ್ತೆ ಬಿಟ್ಟು
ನಾಲೆಯ ಪಕ್ಕದ ಕೆಸರಿಗೆ ಓರೆಯಾಗಿ ಇಳಿದಾಗ
ಮೊದಲು ಇಳಿದ ಚಕ್ರಕ್ಕೆ ಕಾಲು ಭಾರ,
ಇನ್ನೊಂದಕ್ಕೆ ಅದರ ಸುದ್ದಿಯೇ ಇಲ್ಲ,
ಮೂಕಿ ತಿರುಗಿಬಿಡುತ್ತದೆ. ಅಷ್ಟೆ.
ನೆಟ್ಟಗೆ ಇಳಿದ ಗಾಡಿ ನಿಧಾನವಾಗುತ್ತದೆ, ತಿರುಗುವುದಿಲ್ಲ;
ಲೆನ್ಸಿನ ನಟ್ಟನಡುವೆ ಹಾದ ಕಿರಣದ ಹಾಗೆ.
ಇದನ್ನು ಪರೀಕ್ಷೆಯಲ್ಲೂ ಹೀಗೇ ಬರೆದೆ.
ಅರ್ಧ ಅಂಕ ಹೋಯಿತು, ಸೂತ್ರ ಇರಲಿಲ್ಲವಂತೆ.

ಸಂಜೆ ಅಂಗಡಿಯಲ್ಲಿ
ಬಳೆ ಡಬ್ಬಿಯ ಬಿಳಿ ರಟ್ಟು ನಿಲ್ಲಿಸಿ
ಮುಂದೆ ಪ್ಲಸ್ ಲೆನ್ಸ್ ಹಿಡಿದು ಹಿಂದೆ ಮುಂದೆ ಸರಿಸಿದೆ.
ಎದುರಿನ ಬ್ಯಾಂಕು, ಬೋರ್ಡಿನ ಸಮೇತ,
ಹೆಬ್ಬೆಟ್ಟಿನಷ್ಟಾಗಿ ತಲೆಕೆಳಗೆ ಬಿತ್ತು.
ಸ್ಕೂಟರೊಂದು ಚಕ್ರ ಮೇಲಾಗಿ ಓಡಿತು.
ಸ್ಕೇಲು ಇಟ್ಟೆ. ಅರ್ಧ ಮೀಟರು.
ಒಂದನ್ನು ಅರ್ಧದಿಂದ ಭಾಗಿಸು: ಎರಡು ಡಯಾಪ್ಟರ್.
‘ಕಣ್ಣೊಳಗೂ ಹಿಂಗೇ ತಲೆಕೆಳಗೇ ಬೀಳೋದು, ಅಪ್ಪ.’
‘ಅಂಗಾರೆ ನಾವ್ಯಾಕವ್ವ ಬೀಳಲ್ಲ?’

ಉತ್ತರ ಹುಡುಕುತ್ತಾ ಗಮನಿಸಿದೆ,
ರೇಟು ಚೀಟಿಯನ್ನು ಅವನು ಹಿಡಿದ ದೂರ.
ಹೋದ ವರ್ಷ ಮೊಣಕೈ ಮಡಚಿತ್ತು,
ಈಗ ತೋಳು ನೀಟಾಗಿ ಚಾಚಿ
ಕತ್ತನ್ನೂ ಹಿಂದಕ್ಕೆಳೆದುಕೊಂಡಿದ್ದ.
ನಲವತ್ತೇಳು. ಕಣ್ಣೊಳಗಿನ ಲೆನ್ಸು ಬಿಗಿಯಾಗಿದೆ,
ಹತ್ತಿರದ್ದಕ್ಕೆ ಉಬ್ಬಲೊಲ್ಲದು.
ಮೇಡಂ ಬಳಿ ಟ್ರಯಲ್ ಫ್ರೇಮ್ ಬೇಡಿ ತಂದೆ.
ಒಂದು. ಒಂದೂಕಾಲು. ಒಂದೂವರೆ.
‘ಡಜನ್ ನಲವತ್ತೈದು,’ ಅಂತ ಓದಿದ,
ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನಕ್ಕ.

ಆಮೇಲೆ ಗೂಟದ ಹಸಿರು ಗಾಜಿನತ್ತ ತಿರುಗಿದ.
ಒಂದನ್ನು ತೆಗೆದ. ಬೆಳಕಿಗೆ ಹಿಡಿದ.
ಇನ್ನೊಂದು. ಮತ್ತೊಂದು.
ಕೂದಲೆಳೆಯಷ್ಟು ಸೀಳು, ಅಂಟಿನ ಹತ್ತಿರ.
ನಮ್ಮಲ್ಲಿ ಬಳೆ ಒಡೆಯಿತು ಅನ್ನಬಾರದು,
ಹೆಚ್ಚಿತು ಅನ್ನಬೇಕು.
ಹತ್ತೂವರೆಗೆ ಬೀದಿಯ ಶಟರುಗಳೆಲ್ಲ ಇಳಿದಿದ್ದವು,
ಅವನಿನ್ನೂ ಆರಿಸುತ್ತಿದ್ದ,
ಎರಡು ಡಜನ್ ಮೇಲೆ ಏಳು ಪಕ್ಕಕ್ಕೆ ಬಿದ್ದಿದ್ದವು.
‘ಮೊನ್ನೆ ಬೂದನೂರಿನ ಸೀಮಂತಕ್ಕೆ ಕೊಟ್ಟಿದ್ದು
ಇದೇ ಕಟ್ಟಿನದ್ದಲ್ವೇನವ್ವ,’ ಅಂದ.
ನಾನು ಮಾತಾಡಲಿಲ್ಲ.

ಬೆಳಿಗ್ಗೆ ಮೊದಲ ಗಿರಾಕಿ ಕೈ ಚಾಚಿದಾಗ
ಫ್ರೇಮು ಕಳಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು
ಗೆಣ್ಣು ಒತ್ತಿ, ಬೀದಿ ನೋಡುತ್ತಾ:
ಎರಡು ಆರು.
ಬಳೆ ತೊಡಿಸುವ ಮುಂಚೆ ಮತ್ತೆ ಹಾಕಿಕೊಂಡ.

ರೆಕಾರ್ಡ್ ಪುಸ್ತಕದಲ್ಲಿ ಕೊನೆಗೊಂದು ಕಲಂ ಇದೆ:
ಕನ್ನಡಕದ ನಂತರ ದೂರುಗಳೇನಾದರೂ?
ಬರೆದೆ:
ಹೆಚ್ಚಿದ ಬಳೆಗಳು ಕಾಣುತ್ತಿವೆ.
ಮೇಡಂ ಕೆಂಪು ಪೆನ್ನಿನಲ್ಲಿ ‘ಹೆಚ್ಚಿದ’ ಸುತ್ತ ಸುತ್ತು ಹಾಕಿ
ಪಕ್ಕದಲ್ಲಿ ಕೇಳಿದ್ದಾರೆ,
‘ಎಷ್ಟು?’